ಸುಮ್ಮನೆ ಕೂರುವ ಹತ್ತು ನಿಮಿಷ

ಅಡುಗೆ, ಪಾಠ, ಜಗಳ ಮೂರನ್ನೂ ಒಟ್ಟೊಟ್ಟಿಗೆ ಮಾಡಬಲ್ಲೆ ಎಂಬ ಹೆಮ್ಮೆ ನನಗೆ ಬಹಳ ಕಾಲ ಇತ್ತು. ಒಲೆಯ ಮುಂದೆ ನಿಂತು ಮಗಳಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಾ, ಅದೇ ಉಸಿರಿನಲ್ಲಿ ಯಜಮಾನರಿಗೆ ನಿನ್ನೆ ತರದ ಸೊಪ್ಪನ್ನು ನೆನಪಿಸುತ್ತಿದ್ದೆ. ನನಗೆ ಬಾರದ ಕೆಲಸ ಒಂದೇ, ಸುಮ್ಮನೆ ಕೂರುವುದು. ಅದೂ ಒಂದು ಕೆಲಸ, ಅದನ್ನೂ ಕಲಿಯಬೇಕು ಎಂದು ಗೊತ್ತಾಗಿದ್ದು ನಲವತ್ತರ ಹತ್ತಿರ ಬಂದಾಗ.

ಆಗ ನಮ್ಮ ಮನೆ ತಿ. ನರಸೀಪುರದಲ್ಲಿ, ನಾನು ಗಣಿತ ಹೇಳಿಕೊಡುತ್ತಿದ್ದ ಹೈಸ್ಕೂಲು ನಂಜನಗೂಡಿನಲ್ಲಿ. ನಮ್ಮಂಥವರ ಕೈಗೆ ಮೊಬೈಲು ಇನ್ನೂ ಬಂದಿರಲಿಲ್ಲ. ಬೆಳಗ್ಗೆ ಬಸ್ಸು ಹಿಡಿಯಲು ಓಡುವುದು, ಸಂಜೆ ಬಸ್ಸಿಳಿದು ಅಡುಗೆಮನೆಗೆ ಓಡುವುದು. ಒಂದು ದಿನ ಬೋರ್ಡಿನ ಮೇಲೆ ಸಮೀಕರಣ ಬಿಡಿಸುತ್ತಿದ್ದಾಗ ಅಂಕಿಗಳೆಲ್ಲ ಈಜತೊಡಗಿದವು. ಮೇಜು ಹಿಡಿದುಕೊಂಡು ಕೂತುಬಿಟ್ಟೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಬಿಟ್ಟು, ಇನ್ನೊಂದು ಸಲ ಸುತ್ತಿ ನೋಡಿದರು. ಎರಡನೇ ಸಲ ನೋಡಿದರೆಂದರೆ ಏನೋ ಇದೆ ಎಂದೇ ಅರ್ಥ. ನನ್ನ ಅಪ್ಪ ಇದೇ ಬಿಪಿಯಿಂದ ಬಲಗೈ ಸ್ವಾಧೀನ ಕಳೆದುಕೊಂಡವರು. ಅದನ್ನೂ ಡಾಕ್ಟರಮ್ಮನಿಗೆ ಹೇಳಿದೆ.

"ಮಾತ್ರೆ ಬರ್ಕೊಡ್ತೀನಿ. ಆದ್ರೆ ಬರೀ ಮಾತ್ರೆ ಸಾಲಲ್ಲ ಟೀಚರ್. ದಿನಾ ಒಂದು ಹತ್ತು ನಿಮಿಷ ಕಣ್ಮುಚ್ಚಿ ಕೂತ್ಕೊಳ್ಳಿ. ಉಸಿರು ಒಳಗೆ ಹೋಗೋದು, ಹೊರಗೆ ಬರೋದು, ಅಷ್ಟೇ ನೋಡ್ತಾ ಇರಿ" ಎಂದರು.

"ಯಾವಾಗ ಡಾಕ್ಟ್ರೇ?"

"ಯಾವಾಗಾದ್ರೂ."

ಯಾವಾಗಾದರೂ ಎಂಬ ಹೊತ್ತು ನನ್ನ ದಿನದಲ್ಲಿ ಎಲ್ಲೂ ಇರಲಿಲ್ಲ. ಆದರೂ ಅಪ್ಪನ ಬಲಗೈ ಕಣ್ಮುಂದೆ ಇತ್ತಲ್ಲ, ಮರುದಿನ ಬೆಳಗ್ಗೆಯೇ ಬೇಳೆ ಬೇಯಲಿಟ್ಟು ದೇವರ ಕೋಣೆಗೆ ಹೋಗಿ ಕೂತೆ. ಉಸಿರು ಒಳಗೆ ಹೋಯಿತು. ಹೊರಗೆ ಬರುವಷ್ಟರಲ್ಲಿ ಯಜಮಾನರು ಬನಿಯನ್ನು ಎಲ್ಲಿ ಎಂದು ಕೇಳಿದರು. ಮಗಳು ರಿಬ್ಬನ್ ಹಿಡಿದು ಬಂದಳು. ನಮ್ಮತ್ತೆ ಅವರಿಬ್ಬರಿಗಿಂತ ಜೋರಾಗಿ, "ಶ್! ಸುಮ್ಕಿರ್ರೋ, ಗಿರಿಜ ದ್ಯಾನಕ್ಕೆ ಕೂತವ್ಳೆ!" ಎಂದು ಕೂಗಿದರು. ಆಮೇಲೆ ಕಾಂಪೌಂಡಿನ ಆಚೆಯವರಿಗೆ, "ನಮ್ ಸೊಸೆಗೆ ಬತ್ತಾ ಬತ್ತಾ ದೇವ್ರ ಮ್ಯಾಲೆ ಬಕ್ತಿ ಜಾಸ್ತಿ ಆಗದೆ ಕಣಮ್ಮ" ಎಂದು ವರದಿ ಒಪ್ಪಿಸಿದರು. ಕೊನೆಗೆ ನನ್ನ ಪಕ್ಕದಲ್ಲೇ ಬಂದು ಕೂತು, ಮೆಲ್ಲಗೆ, "ಎಂಗೂ ಕೂತಿದ್ದೀಯ, ನನ್ ತಮ್ಮನ ಮಗ್ಳಿಗೆ ಒಂದು ಒಳ್ಳೆ ಗಂಡು ಸಿಗ್ಲಿ ಅಂತ ಕೇಳ್ಕಂಡ್ಬುಡವ್ವ" ಎಂದರು. ಅಷ್ಟರಲ್ಲಿ ಬೇಳೆ ತಳ ಹಿಡಿದಿತ್ತು. ನಾನು ಎದ್ದು ಎಲ್ಲರ ಮೇಲೂ ಹಾರಾಡಿದೆ. ಬಿಪಿ ಅಂದು ಎಷ್ಟಿತ್ತೋ, ಪುಣ್ಯಕ್ಕೆ ಪಟ್ಟಿ ಸುತ್ತುವವರು ಯಾರೂ ಇರಲಿಲ್ಲ.

ಮನೆ ಆಗದು, ಶಾಲೆಯೇ ಸರಿ ಎಂದುಕೊಂಡೆ. ಪಾಠವಿಲ್ಲದ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮಿನ ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದೆ. ಹೆಡತಲೆ ಎಂಬ ಹಳ್ಳಿಯಿಂದ ಒಬ್ಬರು ಮಗಳ ಟಿ.ಸಿ. ಕೇಳಲು ಬಂದಿದ್ದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಬಂದ ದಾರಿಯಲ್ಲೇ ಓಡಿಹೋಗಿ ಸೋಡಾ ತಂದರು. "ಮೇಡಂಗೆ ತಲೆ ಸುತ್ತು ಬಂದದೆ ಸಾ!" ಎಂದು ಅವರು ಹೆಡ್ ಮಾಸ್ಟರ ಕೋಣೆಯ ಮುಂದೆ ಕೂಗಿದ್ದಕ್ಕೆ ಹೆಡ್ ಮಾಸ್ಟರೂ ಬಂದರು, ಅಟೆಂಡರೂ ಬಂದ. ಧ್ಯಾನ ಮಾಡುತ್ತಿದ್ದೆ ಎಂದರೆ ನಂಬುವ ಮುಖ ಒಂದೂ ಕಾಣಲಿಲ್ಲ. ತಲೆ ಸುತ್ತಿದ್ದು ನಿಜ ಎಂದು ಒಪ್ಪಿಕೊಂಡು ಸೋಡಾ ಕುಡಿದೆ.

ಉಳಿದದ್ದು ಬಸ್ಸು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ನರಸೀಪುರದ ಮೇಲೆ ತಲಕಾಡಿಗೆ ಹೋಗುವ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೈ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಉಸಿರು ಒಳಗೆ, ಉಸಿರು ಹೊರಗೆ. ಕರೆಯುವವರಿಲ್ಲ, ಕೇಳುವವರಿಲ್ಲ. ಇದೇ ಅಲ್ಲವೇ ಡಾಕ್ಟರಮ್ಮ ಹೇಳಿದ್ದು ಎಂದು ಸಂತೋಷಪಟ್ಟದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

"ಅಮ್ಮೋರೇ, ತಲಕಾಡು ಬಂತು, ಇಳೀರಿ" ಎಂದರು ಕಂಡಕ್ಟರು.

"ಅಯ್ಯೋ, ನರಸೀಪುರ?"

"ಅದು ಆಗ್ಲೇ ಓಯ್ತಲ್ಲಾ. ಎಬ್ಬರಿಸಾನ ಅಂತ ಬಂದೆ ಕಣ್ರವ್ವ. ನೀವು ದ್ಯಾನ ಮಾಡ್ತಿದ್ರಿ, ಯಾಕೆ ಕೆಡಿಸ್ಬೇಕು ಅಂತ ಸುಮ್ಕಾದೆ."

ನನ್ನ ಧ್ಯಾನಕ್ಕೆ ಮರ್ಯಾದೆ ಕೊಟ್ಟ ಏಕೈಕ ವ್ಯಕ್ತಿಯನ್ನು ಬೈಯುವುದು ಹೇಗೆ? ಇಳಿದೆ. ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಮಾಡಿದರೆ ಎತ್ತಿದ್ದು ಅತ್ತೆ. "ತಲಕಾಡಾ? ದೇವಸ್ಥಾನಕ್ಕೆ ಒಬ್ಳೇ ಓದ್ಯಾ? ನನ್ನೂ ಕರ್ಕಂಡು ಓಗ್ಬಾರ್ದಾಗಿತ್ತಾ?" ವಿಷಯ ತಿಳಿಸಿ, ಮಗಳಿಗೆ ಊಟಕ್ಕೆ ಹಾಕಿ, ಬಟ್ಟೆ ಒಳಗೆ ತನ್ನಿ, ನಲ್ಲಿ ಬಂದರೆ ನೀರು ಹಿಡಿಯಿರಿ ಎಂದು ಹೇಳಿ ಮುಗಿಸುವಷ್ಟರಲ್ಲಿ ನನಗೇ ಸುಸ್ತಾಯಿತು.

ವಾಪಸು ಬಸ್ಸಿಗೆ ಬಹಳ ಹೊತ್ತಿತ್ತು. ಹೊಂಗೆ ಮರದ ಕೆಳಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಬಿಸಿಲಿಗೆ ಮರಳು ಕಣ್ಣು ಕುಕ್ಕುತ್ತಿತ್ತು. ಯಾತ್ರಿಕರ ಮಕ್ಕಳು ಸುಡುವ ಮರಳಿನ ಮೇಲೆ ಕುಣಿಯುತ್ತಾ ನೆರಳಿಗೆ ಓಡುತ್ತಿದ್ದರು. ಉಸಿರನ್ನೇನೂ ನೋಡಲಿಲ್ಲ. ಅದರ ಪಾಡಿಗೆ ಅದು ಬಂದು ಹೋಗುತ್ತಿತ್ತು. ಮದುವೆಯಾದ ಮೇಲೆ ಅಷ್ಟು ಹೊತ್ತು ಒಬ್ಬಳೇ ಕೂತದ್ದು ಅದೇ ಮೊದಲು. ಬಸ್ಸು ಬಂದಾಗ ಸ್ವಲ್ಪ ಬೇಜಾರೇ ಆಯಿತೆಂದರೆ ನಮ್ಮ ಮನೆಯವರು ತಪ್ಪು ತಿಳಿಯಬಾರದು.

ಮನೆಗೆ ಬಂದಾಗ ಬೈಗುಳಕ್ಕೆ ಸಿದ್ಧಳಾಗಿಯೇ ಚಪ್ಪಲಿ ಬಿಟ್ಟೆ. ಅತ್ತೆ ಜಗುಲಿಯ ಕಂಬಕ್ಕೆ ಒರಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಗಳ ಊಟ, ನಲ್ಲಿ, ಬಟ್ಟೆ ಎಲ್ಲ ಮುಗಿಸಿದ್ದರು. "ದಿನಾ ಇಷ್ಟೆಲ್ಲಾ ಮಾಡ್ಕಂಡು ಅಷ್ಟು ದೂರ ಎಂಗವ್ವ ಓಗ್ಬತ್ತೀಯೆ? ಬಾ, ಕೂತ್ಕೊ" ಎಂದು ತಾವೇ ಎದ್ದು ಕಾಫಿ ಮಾಡಿ ತಂದರು. ಲೋಟ ಕೊಡುತ್ತಾ, "ಆ ಡಾಕ್ಟ್ರು ಏಳಿದ್ದು ಅದೇನು ನಂಗೂ ತೋರ್ಸು" ಎಂದರು. ನನ್ನ ಕಣ್ಣು ಒದ್ದೆಯಾದದ್ದು ಕಾಫಿಯ ಹಬೆಗೆ ಎಂದು ಇಬ್ಬರೂ ಅಂದುಕೊಂಡೆವು.

ಅತ್ತೆಗೆ ಅದು ಒಂದೇ ಸಲಕ್ಕೆ ಒಲಿದುಬಿಟ್ಟಿತು. ಬೆಳಗ್ಗೆ ಹಿತ್ತಲಲ್ಲಿ ಮಣೆ ಹಾಕಿ ಕೂತರೆ ಕಾಗೆ ಕೂಗಿದರೂ ಅಲುಗಾಡುವುದಿಲ್ಲ. ನಾನು ಬಸ್ಸಿನಿಂದ ಬಂದ ಮೇಲೆ ನನ್ನ ಸರದಿ, ಆಗ ಮನೆಯವರನ್ನೆಲ್ಲ ಹೊರಗೆ ಅಟ್ಟುವ ಜವಾಬ್ದಾರಿ ಅತ್ತೆಯದು ಎಂದು ಒಪ್ಪಂದವಾಯಿತು. ಅವರು ಅದನ್ನು ಚಾಚೂ ತಪ್ಪದೆ ನಡೆಸಿಕೊಟ್ಟರು. ಒಂದೊಂದು ದಿನವಾದರೂ ನನಗೂ ಉಸಿರು ಕೈಗೆ ಸಿಗುತ್ತಿತ್ತು.

ಅವರ ಸರದಿಯಲ್ಲಿ ನಾನು ಹೇಗೆ ನಡೆದುಕೊಂಡೆ ಎಂಬುದನ್ನೂ ಹೇಳಬೇಕಲ್ಲ. ಒಂದು ಬೆಳಗ್ಗೆ ಒಗ್ಗರಣೆಗೆ ಇಟ್ಟ ಎಣ್ಣೆ ಕಾದಿತ್ತು. "ಅತ್ತೇ, ಕರಿಬೇವು ಕಿತ್ತಿದ್ದೀರಾ?" ಎಂದೆ. ಹಿತ್ತಲ ಬಾಗಿಲಿಗೆ ಬಂದು ಇನ್ನೂ ಜೋರಾಗಿ ಕೇಳಿದೆ. ಆಮೇಲೆ ಹತ್ತಿರ ಹೋಗಿ, ಬಗ್ಗಿ, ಕಿವಿಯ ಬಳಿಯೇ, "ಕರಿಬೇವು ಅತ್ತೇ!" ಎಂದೆ.

ಅತ್ತೆ ಕಣ್ಣು ಬಿಡಲಿಲ್ಲ.

"ಅತ್ತು ನಿಮಿಷ ಸುಮ್ಕಿರು ಗಿರಿಜ" ಎಂದರು. "ನಿಂಗೂ ಒಳ್ಳೇದು."