ಅಡುಗೆಮನೆಯ ಗಡಿಯಾರವೂ ಮಗಳ ಪ್ರಾಮೂ

ಕೆಲವರ ಮನೆಯಲ್ಲಿ ಇಲಿ ಇರುತ್ತದೆ, ಕೆಲವರ ಮನೆಯಲ್ಲಿ ಜಿರಳೆ. ನಮ್ಮ ಮನೆಯಲ್ಲಿ ಗಡಿಬಿಡಿ. ಯಾವ ಮದ್ದು ಹೊಡೆದರೂ ಹೋಗದ್ದು. ದೋಹಾಕ್ಕೆ ಬಂದ ಮೇಲಾದರೂ ಅದು ಊರಲ್ಲೇ ಉಳಿದೀತು ಎಂದುಕೊಂಡಿದ್ದೆ. ಅದಕ್ಕೆ ವೀಸಾ ಬೇಡವಂತೆ, ನಮಗಿಂತ ಮೊದಲೇ ಬಂದು ಕೂತಿತ್ತು.

ಇದು ತೊಂಬತ್ತರ ದಶಕದ ಮಾತು. ದೋಹಾದ ಅಲ್ ಮನ್ಸೂರಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾನು, ನಮ್ಮ ಯಜಮಾನರು, ನಮ್ಮ ಒಬ್ಬಳೇ ಮಗಳು. ಯಜಮಾನರಿಗೆ ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಆಫೀಸಿನಲ್ಲಿ ಕೆಲಸ. ನನಗೆ ಅವರು ಮಾಡಿದ್ದನ್ನು ಸರಿಪಡಿಸುವ ಕೆಲಸ.

೧. ಹಾಲ್‌ನಲ್ಲಿ ಊರು

ಗಲ್ಫಿನಲ್ಲಿರುವ ನಮ್ಮ ಕಡೆಯವರ ಮನೆಗಳಲ್ಲಿ ಆಗ ಒಂದು ಪದ್ಧತಿ ಇತ್ತು. ಒಂದು ಗಡಿಯಾರವನ್ನು ಊರಿನ ಟೈಮಿಗೇ ಇಡುವುದು. ಕತಾರಿಗಿಂತ ಊರು ಎರಡೂವರೆ ಗಂಟೆ ಮುಂದೆ. ಫೋನು ಮಾಡುವಾಗ ಅತ್ತೆ ಮಲಗಿದ್ದಾರೋ ಎದ್ದಿದ್ದಾರೋ ಎಂದು ಲೆಕ್ಕ ಹಾಕುವ ತಲೆನೋವು ಬೇಡ ಎಂದು. ನಮ್ಮ ಮನೆಯಲ್ಲಿ ಹಾಲ್‌ನ ಗಡಿಯಾರಕ್ಕೆ ಊರಿನ ಟೈಮು, ಅಡುಗೆಮನೆಯದಕ್ಕೆ ಕತಾರಿನ ಟೈಮು. ಹಾಲ್‌ನ ಗಡಿಯಾರವನ್ನು ನಾವ್ಯಾರೂ ನೋಡುತ್ತಿರಲಿಲ್ಲ. ಅದು ಅತ್ತೆಯ ಫೋಟೋದ ಪಕ್ಕದಲ್ಲಿ ತನ್ನ ಪಾಡಿಗೆ ತಾನು ಇರುತ್ತಿತ್ತು.

ಒಂದು ಶುಕ್ರವಾರ ಯಜಮಾನರ ಕಂಪನಿಗೆ ಹೊಸದಾಗಿ ಸೇರಿದ ಉಡುಪಿಯ ಹುಡುಗನನ್ನು ಊಟಕ್ಕೆ ಕರೆದಿದ್ದೆವು. ಪಾಪ, ಕೆಲಸಗಾರರ ಕ್ಯಾಂಪಿನ ದಾಲ್ ತಿಂದು ಬೇಸತ್ತಿದ್ದ ಜೀವ. ಮೀನಿನ ಗಸಿಯನ್ನು ಮೂರು ಸಲ ಹಾಕಿಸಿಕೊಂಡು ಉಂಡ, ಸೋಫಾದಲ್ಲೇ ಒರಗಿ ನಿದ್ದೆ ಹೋದ. ಸ್ವಲ್ಪ ಹೊತ್ತಿಗೆ ಎಚ್ಚರವಾಗಿ ಗೋಡೆ ನೋಡಿದವನೇ, "ಅಯ್ಯೋ ದೇವರೇ, ಕ್ಯಾಂಪಿನ ಬಸ್ಸು!" ಎಂದು ಕಿರುಚಿ ಮೆಟ್ಟಿಲು ಇಳಿದ. ಒಂದು ಕಾಲಿಗೆ ಅವನದೇ ಚಪ್ಪಲಿ, ಇನ್ನೊಂದು ಕಾಲಿಗೆ ನಮ್ಮವರ ಬೂಟು. ಬಸ್ಸಿಗೆ ಇನ್ನೂ ಎರಡೂವರೆ ಗಂಟೆ ಇತ್ತು.

ಮುಂದಿನ ವಾರ ಬೂಟು ಹಿಂದಿರುಗಿಸಲು ಬಂದವನು ಎಲೆಯ ಮುಂದೆ ಕೂತು ಮೆಲ್ಲಗೆ ಕೇಳಿದ. "ಅಕ್ಕ, ಈ ಮೀನಾದರೂ ಇಲ್ಲಿಯದ್ದಾ?"

೨. ಪ್ರಾಮ್ ಅಂದರೆ ಎಂತ?

ಮಗಳು ಹನ್ನೆರಡನೇ ಕ್ಲಾಸು ಮುಗಿಸಿದ ವರ್ಷ ಅವಳ ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭಕ್ಕೆ ಹೊಸ ಹೆಸರು ಬಂತು, ಪ್ರಾಮ್ ಎಂದು. ಯಜಮಾನರಿಗೆ ಹೊಸ ಶಬ್ದ ಕೇಳಿದರೆ ವಿಚಾರಿಸದೆ ಸಮಾಧಾನವಿಲ್ಲ.

"ಪ್ರಾಮ್ ಅಂದರೆ ಎಂತ?"

"ಫಂಕ್ಷನ್ ಡ್ಯಾಡಿ. ಎಲ್ಲರೂ ಡ್ರೆಸ್ ಅಪ್ ಮಾಡಿ ಬರ್ತಾರೆ. ಮ್ಯೂಸಿಕ್ ಇರ್ತದೆ. ಡಿನ್ನರ್ ಇರ್ತದೆ."

"ಯಾರದ್ದು ಫಂಕ್ಷನ್?"

"ಯಾರದ್ದೂ ಅಲ್ಲ."

"ಯಾರದ್ದೂ ಅಲ್ಲದೆ ಊಟ ಯಾರು ಹಾಕ್ತಾರೆ?"

ಮಗಳು ನನ್ನ ಮುಖ ನೋಡಿದಳು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ, ತಲೆ ಎತ್ತಲಿಲ್ಲ.

"ಎನೀವೇ, ಐ ಆಮ್ ನಾಟ್ ಗೋಯಿಂಗ್," ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಜಮಾನರು ಆ ಬಾಗಿಲಿಗೇ ಇನ್ನೊಂದು ಪ್ರಶ್ನೆ ಕೇಳಿದರು. "ಮತ್ತೆ, ವೆಜ್ಜಾ ನಾನ್‌ವೆಜ್ಜಾ?"

೩. ಇವತ್ತು ಬಿಟ್ಟರೆ ಖಲಾಸ್

ಹೋಗುವುದಿಲ್ಲ ಎಂಬುದಕ್ಕೆ ಕಾರಣ ಅವಳ ಗೆಳತಿ. ತ್ರಿಶ್ಶೂರಿನ ಕಡೆಯ ಹುಡುಗಿ. ಒಂದನೇ ಕ್ಲಾಸಿನಿಂದ ಇಬ್ಬರೂ ಒಂದೇ ಬೆಂಚು, ಒಂದೇ ಬುತ್ತಿ. ನಾನು ಕಳಿಸಿದ ನೀರ್‌ದೋಸೆ ಅವಳ ಹೊಟ್ಟೆಗೆ, ಅವಳಮ್ಮನ ಪುಟ್ಟು ನನ್ನ ಮಗಳ ಹೊಟ್ಟೆಗೆ. ಆ ಹುಡುಗಿಯ ಅಪ್ಪನ ಕೆಲಸ ಮುಗಿದು ಇಡೀ ಕುಟುಂಬ ಊರಿಗೆ ಹೊರಟಿತ್ತು, ಪ್ರಾಮಿನ ಮರುದಿನವೇ ವಿಮಾನ. ಅದನ್ನು ನನ್ನ ಮಗಳಿಗೆ ಹೇಳಲು ಆ ಹುಡುಗಿಗೆ ಬಾಯಿ ಬಂದಿರಲಿಲ್ಲ. ಇವಳಿಗೆ ಅದು ಗೊತ್ತಾದದ್ದು ಶಾಲೆಯ ಕ್ಯಾಂಟೀನಿನವನಿಂದ. ಅಂದಿನಿಂದ ಮಾತು ಬಂದ್. ಹುಟ್ಟುಹಬ್ಬಕ್ಕೆ ಗೆಳತಿ ಕೊಟ್ಟಿದ್ದ ಕೈಗಡಿಯಾರವನ್ನೂ ಬಿಚ್ಚಿ ಡ್ರಾಯರಿಗೆ ಎಸೆದಿದ್ದಳು. ಹೇಳಿದರೆ ಕೇಳುವ ವಯಸ್ಸಾ ಅದು?

ಪ್ರಾಮಿನ ಗುರುವಾರ ಬೆಳಗ್ಗಿನಿಂದ ಧೂಳಿನ ಗಾಳಿ. ಹೊರಗೆಲ್ಲ ಕಂದು ಬಣ್ಣ, ಸೂರ್ಯನ ಪತ್ತೆಯಿಲ್ಲ. ಕಿಟಕಿಗಳಿಗೆ ಬಿಸಿಲು ತಡೆಯಲೆಂದು ಬೆಳ್ಳಿ ಕಾಗದ ಅಂಟಿಸಿದ್ದ ನಮ್ಮ ಮನೆಯೊಳಗಂತೂ ಹಗಲು ರಾತ್ರಿ ಎರಡೂ ಒಂದೇ. ಯಜಮಾನರು ಅರ್ಧ ದಿನದ ರಜೆಯ ಖುಷಿಯಲ್ಲಿ ವಾಚನ್ನು ಆಫೀಸಿನಲ್ಲೇ ಮರೆತು ಬಂದಿದ್ದರು. ಊಟ ಮಾಡುವಾಗ ಅಡುಗೆಮನೆಯ ಗಡಿಯಾರ ನಿಂತಿರುವುದು ಅವರ ಕಣ್ಣಿಗೆ ಬಿತ್ತು. ಟಿವಿ ರಿಮೋಟಿನ ಸೆಲ್ ತೆಗೆದು ಅದಕ್ಕೆ ಹಾಕಿ, ಮುಳ್ಳು ತಿರುಗಿಸಿ, "ನೋಡು, ಐದು ನಿಮಿಷದ ಕೆಲಸ" ಎಂದು ಬೀಗಿದರು. ಆಮೇಲೆ ಎಲ್ಲರೂ ಮಲಗಿದೆವು.

ಯಾರೋ ಭುಜ ಅಲುಗಾಡಿಸಿದಂತಾಗಿ ಕಣ್ಣು ಬಿಟ್ಟರೆ ಮಗಳು. ಕಣ್ಣು ಕೆಂಪಾಗಿತ್ತು.

"ಅಮ್ಮಾ, ಫೋನ್ ಬರ್ತದೆ ಅಂತ ಕಾದೆ. ಬರ್ಲಿಲ್ಲ. ಅವಳು ನಾಳೆ ಹೋಗ್ತಾಳೆ ಅಮ್ಮಾ. ಇವತ್ತು ಬಿಟ್ರೆ ಖಲಾಸ್. ನಾನು ಪ್ರಾಮ್‌ಗೆ ಹೋಗ್ತೇನೆ."

ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಳ್ಳುವ ಮೊದಲು ಅಡುಗೆಮನೆಯ ಗಡಿಯಾರ ನೋಡಿದೆ. ಆರೂವರೆ! ಸಮಾರಂಭ ಏಳಕ್ಕೆ. ಅಪ್ಪಿಕೊಳ್ಳುವುದನ್ನು ಬಿಟ್ಟು ಯಜಮಾನರನ್ನು ಎಬ್ಬಿಸಲು ಓಡಿದೆ. ಅವರು ಎದ್ದು ಕೂತು ಮೊದಲು ಹೇಳಿದ ಮಾತು, "ನೋಡಿದ್ಯಾ, ನಾನು ಸೆಲ್ ಹಾಕದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

೪. ಬಾಯಲ್ಲಿ ಪಿನ್ನು

ಬಟ್ಟೆ ಎಲ್ಲಿದೆ? ಹೋಗುವುದಿಲ್ಲ ಎಂದವಳು ಏನೂ ಕೊಂಡಿರಲಿಲ್ಲ. ಪೆಟ್ಟಿಗೆಯ ತಳದಿಂದ ನನ್ನ ನಿಶ್ಚಿತಾರ್ಥದ ಗಿಳಿಹಸಿರು ರೇಷ್ಮೆ ಸೀರೆ ತೆಗೆದೆ. ಸೀರೆ ಸರಿ, ರವಿಕೆಯೊಳಗೆ ಅವಳಂಥವರು ಇಬ್ಬರು ಹಿಡಿಯುತ್ತಿದ್ದರು. ನೇರ ಮೇಲಿನ ಮನೆಗೆ ಓಡಿದೆ.

ಮೇಲಿನ ಮನೆಯ ಅಕ್ಕ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ ಕುಟುಂಬದವರು. ನಮ್ಮ ಕಟ್ಟಡಕ್ಕೆಲ್ಲ ಹೊಲಿಗೆಗೂ ಬುದ್ಧಿಮಾತಿಗೂ ಅವರೇ. ಬಾಗಿಲು ತೆಗೆದು ಕಣ್ಣುಜ್ಜಿಕೊಂಡರು.

"ಎಂತ ಮಾರಾಯ್ತಿ, ಈಗಷ್ಟೇ ಕಣ್ಣು ಅಂಟಿತ್ತು."

"ಏಳು ಗಂಟೆಗೆ ಮಗಳ ಪ್ರಾಮು, ಅಕ್ಕ! ತಡವಾಯ್ತು, ಬನ್ನಿ!"

"ಏಳಕ್ಕಾ? ಅದಕ್ಕೆ ಈಗ..."

"ಮಾತು ಆಮೇಲೆ!" ಎಂದು ಕೈ ಹಿಡಿದು ಎಳೆದುಕೊಂಡು ಬಂದೆ. ಪಿನ್ನಿನ ಡಬ್ಬಿ ತರಲು ಮಾತ್ರ ಬಿಟ್ಟೆ.

ಮಗಳನ್ನು ಅಡುಗೆಮನೆಯ ಬೆಳಕಿನಲ್ಲಿ ನಿಲ್ಲಿಸಿದೆವು. ಅಕ್ಕ ಏಳೆಂಟು ಪಿನ್ನು ತುಟಿಯಲ್ಲಿ ಕಚ್ಚಿಕೊಂಡು, ರವಿಕೆಯನ್ನು ಮಗಳ ಮೈಮೇಲೇ ಹಿಡಿದು ಸೂಜಿಯಲ್ಲಿ ಹೊಲಿಯತೊಡಗಿದರು. ಹೊಲಿಯುತ್ತ ತಲೆ ಎತ್ತಿದವರು ಗಡಿಯಾರ ನೋಡಿದರು. ನೋಡಿ ಕಣ್ಣು ಅಗಲ ಮಾಡಿದರು.

"ಮ್ಮ್! ಮ್ಮ್ ಮ್ಮ್!"

"ಹೌದು ಅಕ್ಕ, ಗೊತ್ತುಂಟು, ತುಂಬಾ ತಡವಾಯ್ತು."

ಅವರು ಜೋರಾಗಿ ತಲೆ ಅಲ್ಲಾಡಿಸಿದರು. ಗಡಿಯಾರ ತೋರಿಸಿದರು, ಕಿಟಕಿ ತೋರಿಸಿದರು, ಮಸೀದಿಯ ದಿಕ್ಕು ತೋರಿಸಿದರು.

"ಮಾತಾಡ್ಬೇಡಿ ಅಕ್ಕ, ಪಿನ್ನು ನುಂಗ್ತೀರಿ!" ಎಂದು ನಾನೂ ಯಜಮಾನರೂ ಒಟ್ಟಿಗೆ ಕೂಗಿದೆವು.

ಮಗಳು ಕನ್ನಡಿ ನೋಡಿ, "ಅಮ್ಮಾ, ನಾನು ಕರ್ಟನ್ ಥರ ಕಾಣ್ತೇನೆ" ಎಂದಳು. ಆಮೇಲೆ ಅನುಮಾನ ಬಂದು, "ಆಂಟಿ, ಮೈಮೇಲೇ ಹೊಲಿದ್ರಲ್ಲ, ರಾತ್ರಿ ಇದನ್ನು ಬಿಚ್ಚೋದು ಹೇಗೆ?" ಎಂದು ಕೇಳಿದಳು. ಅಕ್ಕ ಎರಡು ಬೆರಳು ಎತ್ತಿ ಕತ್ತರಿ ಆಡಿಸಿ ತೋರಿಸಿದರು.

೫. ಕೈ ಬೀಸಿಕೊಂಡು ಹೋಗುವುದುಂಟಾ?

ಇನ್ನೇನು ಹೊರಡಬೇಕು, ಯಜಮಾನರು ಕುರ್ಚಿ ಹತ್ತಿ ಕಪಾಟಿನ ಮೇಲೆ ಏನೋ ತಡಕುತ್ತಿದ್ದಾರೆ.

"ಎಂತ ಮಾಡ್ತಿದ್ದೀರಿ?"

"ಗಿಫ್ಟು. ಫಂಕ್ಷನ್ನಿಗೆ ಕೈ ಬೀಸಿಕೊಂಡು ಹೋಗುವುದುಂಟಾ?"

ಗಲ್ಫಿನ ಎಲ್ಲರ ಮನೆಯ ಕಪಾಟಿನ ಮೇಲೂ ಇಂಥ ಡಬ್ಬಗಳಿರುತ್ತಿದ್ದವು. ಯಾರೋ ಕೊಟ್ಟದ್ದು, ಬಿಚ್ಚದೆ ಇಟ್ಟದ್ದು, ಇನ್ಯಾರಿಗೋ ಕೊಡಲಿಕ್ಕಿರುವುದು. ಒಂದು ಲೆಮನ್ ಸೆಟ್ಟು, ಅಂದರೆ ಶರಬತ್ತಿನ ಗಾಜಿನ ಜಗ್ಗು, ಆರು ಗ್ಲಾಸು, ನಮ್ಮ ಮನೆಯಿಂದ ಹೊರಟು ನಾಲ್ಕಾರು ಗೃಹಪ್ರವೇಶ ಸುತ್ತಿ ನಮ್ಮ ಮನೆಗೇ ವಾಪಸ್ ಬಂದಿತ್ತು. ಅದನ್ನೇ ಇಳಿಸಿದರು.

"ಡ್ಯಾಡೀ, ಪ್ರಾಮ್‌ಗೆ ಯಾರೂ ಗಿಫ್ಟ್ ತರೋದಿಲ್ಲ!"

"ಹಾಗಾದರೆ ನಮ್ಮದೊಂದೇ ಎದ್ದು ಕಾಣ್ತದೆ."

ವಾದ ಮಾಡಲು ಹೊತ್ತಿರಲಿಲ್ಲ. ಯಲ್ಲಾ ಯಲ್ಲಾ, ಬೇಗ ಬೇಗ ಎನ್ನುತ್ತ ಮೂವರೂ ಮೆಟ್ಟಿಲು ಇಳಿದೆವು. ಅಕ್ಕ ಕೊನೆಗೂ ಬಾಯಿಯ ಪಿನ್ನೆಲ್ಲ ಡಬ್ಬಿಗೆ ಉಗುಳಿ ಮೇಲಿನಿಂದ ಏನೋ ಕೂಗಿದರು. ಗಾಳಿಯ ಸದ್ದಿನಲ್ಲಿ ಒಂದಕ್ಷರ ಕೇಳಲಿಲ್ಲ.

"ಆಶೀರ್ವಾದ ಮಾಡ್ತಿದ್ದಾರೆ, ಕೈ ಬೀಸು," ಎಂದೆ. ಮಗಳು ಕೈ ಬೀಸಿದಳು. ಅಕ್ಕ ತಲೆ ಮೇಲೆ ಕೈ ಇಟ್ಟುಕೊಂಡರು.

೬. ಯಾವ ದೇಶದ ಟೈಮು?

ಕಾರಿನ ಗಡಿಯಾರ ನಾವು ಆ ಹಳೆಯ ಕಾರು ಕೊಳ್ಳುವಾಗಲೇ ಸತ್ತಿತ್ತು. ಧೂಳಿನಲ್ಲಿ ಎಲ್ಲರೂ ಲೈಟು ಹಾಕಿಕೊಂಡೇ ಹೋಗುತ್ತಿದ್ದರು. ಪ್ರತಿಯೊಂದು ರೌಂಡ್‌ಅಬೌಟಿನಲ್ಲೂ ಕಾರು ವಾಲಿದಾಗ ಹಿಂದಿನ ಸೀಟಿನಲ್ಲಿ ಒಂದು ನೆರಿಗೆ ಬಿಚ್ಚಿಕೊಳ್ಳುತ್ತಿತ್ತು. ಮಗಳು ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಲೆಮನ್ ಸೆಟ್ಟು ಹಿಡಿದು, "ಅವಳು ನನ್ನ ಜೊತೆ ಮಾತಾಡದಿದ್ರೆ ಏನಮ್ಮಾ?" ಎಂದಳು. "ಮಾತಾಡ್ತಾಳೆ," ಎಂದೆ. ನನಗೂ ಖಾತ್ರಿ ಇರಲಿಲ್ಲ.

ಶಾಲೆಯ ಗೇಟಿನಲ್ಲಿ ಒಂದೂ ಕಾರಿಲ್ಲ. ಮಗಳ ಮುಖ ಬಿಳಿಚಿಕೊಂಡಿತು. "ಮುಗೀತಾ?"

ಯಜಮಾನರು ಇಳಿದು ಕಾವಲುಗಾರನ ಹತ್ತಿರ ಓಡಿದರು. "ಎಲ್ಲಿ, ಪ್ರೋಗ್ರಾಂ ಎಲ್ಲಿ?"

"ಪ್ರೋಗ್ರಾಂ ಏಳಕ್ಕೆ ಸಾರ್."

"ಏಳೂವರೆ ಆಯ್ತಲ್ಲ!"

ಕಾವಲುಗಾರ ತನ್ನ ವಾಚು ತೋರಿಸಿದ. ಐದು ಗಂಟೆ.

ಯಜಮಾನರು ಅದನ್ನು ನೋಡಿದರು, ಅವನ ಮುಖ ನೋಡಿದರು. "ಇದು ಯಾವ ದೇಶದ ಟೈಮು?"

"ಕತಾರಿನದ್ದು ಸಾರ್. ನಾನು ಇಲ್ಲೇ ಕೆಲಸ ಮಾಡುವುದು."

ಮಗಳು ಪರ್ಸಿನೊಳಗೆ ಕೈ ಹಾಕಿ ಒಂದು ಕೈಗಡಿಯಾರ ತೆಗೆದಳು. ಗೆಳತಿ ಕೊಟ್ಟದ್ದೇ. ಅವಳ ಎದುರು ಹೋಗಿ ಕಟ್ಟಿಕೊಳ್ಳಬೇಕೆಂದು ಗುಟ್ಟಾಗಿ ತಂದಿದ್ದಳು. ಅದರಲ್ಲೂ ಐದು.

"ಅಡುಗೆಮನೆ ಗಡಿಯಾರಕ್ಕೆ ಟೈಮು ಎಲ್ಲಿ ನೋಡಿ ಇಟ್ರಿ?" ಎಂದು ಕೇಳಿದೆ.

ಯಜಮಾನರು ಅಂಗಿಯ ಧೂಳು ಕೊಡವಿಕೊಂಡರು. "ಹಾಲ್‌ನಲ್ಲಿ," ಎಂದರು.

೭. ಎಲ್ಲರಿಗಿಂತ ಮೊದಲು

ಬಂದಾಗಿದೆ, ಒಳಗಾದರೂ ಕೂರೋಣ ಎಂದು ಶಾಲೆಯ ಸಭಾಂಗಣಕ್ಕೆ ಹೋದೆವು. ಖಾಲಿ ಕುರ್ಚಿಗಳ ನಡುವೆ ಹಳೆಯ ಚೂಡಿದಾರ, ತಲೆ ತುಂಬ ಕರ್ಲರ್ ಹಾಕಿಕೊಂಡ ಒಬ್ಬಳೇ ಹುಡುಗಿ ಬಲೂನು ಊದುತ್ತಿದ್ದಳು. ಅದೇ ಗೆಳತಿ. ಅಲಂಕಾರದ ಕೆಲಸ ಅವಳ ಪಾಲಿಗೆ ಬಿದ್ದಿತ್ತಂತೆ.

ಇವಳನ್ನು ಕಂಡದ್ದೇ ಅವಳ ಬಾಯಿಯ ಬಲೂನು ಜಾರಿ ಪುರ್ರೆಂದು ಸಭಾಂಗಣವೆಲ್ಲ ಸುತ್ತಿ ಯಜಮಾನರ ಹೆಗಲಿಗೆ ಬಿತ್ತು.

"ನೀನು ಯಾವತ್ತೂ ಬೆಲ್ ಹೊಡೆಯೋ ಮೊದಲು ಬಂದವಳೇ ಅಲ್ಲ," ಎಂದಳು ಆ ಹುಡುಗಿ ಇಂಗ್ಲಿಷಿನಲ್ಲಿ. "ಇವತ್ತು ಇಷ್ಟು ಬೇಗ, ನನಗೋಸ್ಕರ ಬಂದ್ಯಾ?"

ಯಜಮಾನರು, "ಅಲ್ಲಮ್ಮ, ಅದು ಎಂತ ಆಯ್ತು ಅಂದ್ರೆ, ಸೆಲ್ಲು..." ಎಂದು ಶುರು ಮಾಡಿದರು. ನಾನು ಅವರ ತೋಳಿಗೆ ಚಿವುಟಿದೆ.

"ಮತ್ಯಾರಿಗೆ?" ಎಂದಳು ನನ್ನ ಮಗಳು, ಕಣ್ಣು ಮಿಟುಕಿಸದೆ.

ಆಮೇಲೆ ಇಬ್ಬರೂ ಅತ್ತರು. ನಾನೂ ಅತ್ತೆ. ಯಜಮಾನರು ಕಣ್ಣಿಗೆ ಧೂಳು ಬಿತ್ತು ಎಂದರು. ಊಟದವರು ಬರಲು ಇನ್ನೂ ಹೊತ್ತಿತ್ತು, ಬಲೂನು ಊದಿ ಊದಿ ಹುಡುಗಿಯರ ಗಂಟಲು ಒಣಗಿತ್ತು. ಕುಡಿಯೋಣವೆಂದರೆ ಅಲ್ಲಿ ಒಂದು ಗ್ಲಾಸೂ ಇರಲಿಲ್ಲ. ಯಜಮಾನರು ಗಂಭೀರವಾಗಿ ಲೆಮನ್ ಸೆಟ್ಟಿನ ಡಬ್ಬ ಬಿಚ್ಚಿದರು. ಅಷ್ಟು ಮನೆ ಸುತ್ತಿದ ಮೇಲೆ ಅದರಲ್ಲಿ ಮೊದಲ ಸಲ ಯಾರೋ ನೀರು ಕುಡಿದರು. ಏಳಕ್ಕೆ ಉಳಿದವರು ಬರುವ ಹೊತ್ತಿಗೆ ಇಬ್ಬರ ಮಾತೂ ಮುಗಿದಿರಲಿಲ್ಲ, ಬಲೂನೂ ಮುಗಿದಿರಲಿಲ್ಲ. ಮರುದಿನ ಏರ್‌ಪೋರ್ಟಿನಲ್ಲಿ ಆ ಜಗ್ಗು ಗೆಳತಿಯ ಕೈಚೀಲದಲ್ಲಿತ್ತು.

ಆ ಸಂಜೆ ಮಗಳನ್ನು ಅಲ್ಲಿ ಬಿಟ್ಟು ನಾವು ಮನೆಗೆ ಬಂದರೆ ಮೆಟ್ಟಿಲಲ್ಲೇ ಮೇಲಿನ ಮನೆಯ ಅಕ್ಕ ಕೂತಿದ್ದಾರೆ.

"ಆಗ ಇನ್ನೂ ನಾಲ್ಕು ಗಂಟೆ ಮಾರಾಯ್ತಿ! ಸಂಜೆಯ ಮಗ್ರಿಬಿನ ಬಾಂಗೇ ಆಗಿರ್ಲಿಲ್ಲ! ಹೇಳ್ಲಿಕ್ಕೆ ನೋಡಿದ್ರೆ ಬಾಯಲ್ಲಿ ಪಿನ್ನು, ಪಿನ್ನು ತೆಗೆದ್ರೆ ನೀವು ಕೆಳಗೆ!"

ನಾನು ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. "ನೀವು ಹೇಳಿದ್ದಿದ್ರೆ ನಾವು ಏಳಕ್ಕೇ ಹೋಗ್ತಿದ್ದೆವು ಅಕ್ಕ. ಅಷ್ಟು ಜನರ ಮಧ್ಯೆ ಈ ಎರಡು ಮಕ್ಕಳು ಮುಖ ತಿರುಗಿಸಿಕೊಂಡೇ ಇರ್ತಿದ್ರು. ಹೇಳದೇ ಇದ್ದದ್ದು ದೇವರು ಮಾಡಿದ್ದು."

ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಎದ್ದು, ಪಿನ್ನಿನ ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಮೆಟ್ಟಿಲು ಹತ್ತಿ ತಿರುಗಿದರು.

"ಹಾಗಾದರೆ ಇನ್ನು ಮುಂದೆ ನಿಮ್ಮ ಮನೆಗೆ ಬರುವಾಗ ಬಾಯಲ್ಲಿ ಪಿನ್ನು ಇಟ್ಟುಕೊಂಡೇ ಬರ್ತೇನೆ."