ಹೆಡ್ ಮಾಸ್ತರರ ನಾಲ್ಕು ಸೀಡಿ

ತೀರಿಹೋದವರ ಕಾಗದಪತ್ರ ನೋಡುವ ಕೆಲಸದಲ್ಲಿ ಗಂಭೀರವಾಗಿರಬೇಕು ಎಂದು ನಾನು ದಿನಾ ಬೆಳಿಗ್ಗೆ ನಿಶ್ಚಯಿಸುತ್ತಿದ್ದೆ. ಮಧ್ಯಾಹ್ನದೊಳಗೆ ಏನಾದರೊಂದು ನಡೆದು ನಿಶ್ಚಯ ನೀರುಪಾಲಾಗುತ್ತಿತ್ತು.

ಎರಡು ಸಾವಿರದ ಆರರ ಸುಮಾರು. ಹಿರೇಗುತ್ತಿಯಿಂದ ಬಸ್ಸಿನಲ್ಲಿ ಬಂದು ಹೊನ್ನಾವರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದೆ. ಆ ಊರಿನ ಶಾಲೆಯ ನಿವೃತ್ತ ಹೆಡ್ ಮಾಸ್ತರರೊಬ್ಬರು, ಸೇತುವೆ ಆಗುವ ಮೊದಲು ನಮ್ಮ ಹೊಳೆಗಳಲ್ಲಿ ದೋಣಿ ಎಲ್ಲೆಲ್ಲಿ ದಾಟುತ್ತಿತ್ತು ಎಂದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಈ-ಮೇಲು ಬರೆದು ಕೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, ಅವರಿಗೆ ಬಂದಿದ್ದ ಪತ್ರಗಳೆಲ್ಲ ನಾಲ್ಕು ಸೀಡಿಯಾಗಿ ನಮ್ಮಲ್ಲಿಗೆ ಬಂದವು. ಒಂದೊಂದು ಪತ್ರವನ್ನೂ ಬಿಡಿಸಿ, ಬರೆದವರು ಯಾರು, ಯಾವಾಗ, ಯಾವ ವಿಷಯ ಎಂದು ಬೇರೆ ಮಾಡಿ ಡಿಜಿಟಲ್ ಲೈಬ್ರರಿಗೆ ಸೇರಿಸಬೇಕು. ಕೈಯಲ್ಲಿ ಮಾಡಿದರೆ ಜನ್ಮ ಸಾಲದೆಂದು ಅದಕ್ಕೊಂದು ಪ್ರೋಗ್ರಾಂ ಬರೆದೆ. ಅದರ ಮೇಲೆ ನನಗೆ ತುಸು ಹೆಮ್ಮೆಯೂ ಇತ್ತು.

ಸೀಡಿ ಕೊಟ್ಟವರು ಮಾಸ್ತರರ ಹೆಂಡತಿ. ಅವರೂ ಶಾಲೆಯಲ್ಲಿ ಕಲಿಸಿದವರು, ಊರಿಗೆಲ್ಲ ಅಕ್ಕೋರು. ಕೊಡುವಾಗ ಒಂದು ಮಾತು ಹೇಳಿದರು. ಮಾಸ್ತರರೂ ಭಟ್ಕಳದ ಡ್ರಾಯಿಂಗ್ ಮಾಸ್ತರರೂ ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಕಲಿಸಿದ ಜೀವದ ಗೆಳೆಯರು. ದೋಣಿ ಪುಸ್ತಕಕ್ಕೆ ನಕ್ಷೆ ಬರೆಯುತ್ತಿದ್ದವರು ಡ್ರಾಯಿಂಗ್ ಮಾಸ್ತರರು. ಗೇರುಸೊಪ್ಪೆಯ ಹತ್ತಿರದ ಒಂದು ದಾಟಿನಲ್ಲಿ ದೋಣಿ ಕಟ್ಟುವ ಜಾಗ ಆಚೆ ದಂಡೆಯಲ್ಲಿ ಇರಬೇಕಿತ್ತು ಎಂದು ನಾಲ್ಕು ಜನರೆದುರು ಆ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದ್ದರು ನಮ್ಮ ಮಾಸ್ತರರು. ಡ್ರಾಯಿಂಗ್ ಮಾಸ್ತರರು ನಕ್ಷೆ ಸುರುಳಿ ಸುತ್ತಿಕೊಂಡು ಭಟ್ಕಳಕ್ಕೆ ಹೋದವರು ಎರಡು ವರ್ಷ ಇತ್ತ ತಲೆ ಹಾಕಲಿಲ್ಲ. ಗೆಳೆಯ ಸತ್ತ ದಿನ ಬಂದು ಗೇಟಿನ ಹತ್ತಿರ ನಿಂತು, ಮಾತಾಡದೆ ಹೋದರಂತೆ.

"ಇವರು, ನಾ ಬರೆಯೂದು ಬರ್ದಾತು ಅಂತಿದ್ರು. ಅವರು, ಒಂದಕ್ಷರ ಬರ್ಲಿಲ್ಲ ಅಂತಾರಂತೆ. ಇಬ್ಬರಲ್ಲಿ ಒಬ್ಬರು ಸುಳ್ಳು. ಯಾರು ಅಂತ ನಂಗೆ ಗೊತ್ತಾಗ್ಬೇಕು. ಉಳಿದದ್ದೆಲ್ಲ ನೀವೇ ಇಟ್ಕಳ್ಳಿ" ಎಂದರು ಅಕ್ಕೋರು.

ಎಂತ ಕಷ್ಟ, ಒಂದು ಗಳಿಗೆಯಲ್ಲಿ ಹುಡುಕಿಕೊಡುತ್ತೇನೆ ಎಂದು ಮೊದಲಿಗೆ ಮಾಸ್ತರರು ಕಳಿಸಿದ ಪತ್ರಗಳ ಕಡತ ತೆರೆದೆ. ಖಾಲಿ. ಅಕ್ಕೋರನ್ನು ಕೇಳಿದರೆ, "ಟಪಾಲಿಗೆ ಹಾಕಿದ ಕಾಗದ ಮನೇಲಿ ಇರ್ತದಾ? ಕಳಿಸಿದ ಕೂಡ್ಲೆ ಅಳಿಸೂದು ಇವರ ಪದ್ಧತಿ" ಎಂದು ನನಗೇ ಪಾಠ ಹೇಳಿದರು.

೧. ಎಲ್ಲರೂ ಕ್ಷೇಮ

ಒಂದೇ ಪತ್ರ ಎರಡೆರಡು ಸಲ ಇದ್ದರೆ ಒಂದನ್ನು ತೆಗೆದುಹಾಕಬೇಕು. ವಿಷಯ ಮತ್ತು ಮೊದಲ ನಾಲ್ಕು ಸಾಲು ಹೋಲಿಸಿ ನೋಡು ಎಂದು ಪ್ರೋಗ್ರಾಮಿಗೆ ಹೇಳಿ ಊಟಕ್ಕೆ ಹೋದೆ. ಬಂದು ನೋಡುತ್ತೇನೆ, ಒಂದು ಸೀಡಿಯ ಪತ್ರಗಳಲ್ಲಿ ಉಳಿದದ್ದು ಒಂಬತ್ತು. ಪುಣ್ಯಕ್ಕೆ ಮೂಲ ಸೀಡಿ ಕಪಾಟಿನಲ್ಲಿತ್ತು.

ತೆರೆದು ನೋಡಿದರೆ, ಪ್ರೋಗ್ರಾಂ ತೆಗೆದುಹಾಕಿದ ಎಲ್ಲ ಪತ್ರಗಳ ವಿಷಯವೂ 'ಕ್ಷೇಮ'. ಎಲ್ಲದರ ಆರಂಭವೂ 'ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ತಮ್ಮ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯುತ್ತಿರಬೇಕು.' ದುಬೈಯಿಂದ ಬರೆದವನೂ ಅದೇ, ಮುಂಬೈಯಿಂದ ಬರೆದವನೂ ಅದೇ. ಹೊಟ್ಟೆಯೊಳಗಿನ ಮಾತು ಐದನೆಯ ಸಾಲಿನಿಂದ ಮುಂದೆ.

ಲೈಬ್ರರಿಯನ್ನರು ಬಂದು, "ಎಂತ ಆತು?" ಎಂದರು.

"ಎಲ್ಲ ಒಬ್ಬನೇ ಬರ್ದದ್ದು ಅಂತದೆ ಸರ್ ಕಂಪ್ಯೂಟರು."

ಅವರು ಕನ್ನಡಕ ಏರಿಸಿ ಒಂದಿಷ್ಟು ಓದಿದರು. ಅವರೂ ಅದೇ ಶಾಲೆಯಲ್ಲಿ ಕಲಿತವರು. "ಐದನೇ ಇಯತ್ತೆಯಲ್ಲಿ ಹೀಗೇ ಬರೀಬೇಕು ಅಂತ ಕಲಿಸಿದ್ರು. ತಪ್ಪಿದ್ರೆ ಬೆತ್ತ ಇತ್ತು. ನಿನ್ನ ಕಂಪ್ಯೂಟರು ಪೆಟ್ಟು ತಿಂದದ್ದಲ್ಲ, ಅದಕ್ಕೆಂತ ಗೊತ್ತು?" ಎಂದರು.

೨. ಬರೆದವರು: ತದಡಿ

ಆ ಶನಿವಾರ ಅಕ್ಕೋರು ಬಂದು "ಸಿಕ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಅಷ್ಟರಲ್ಲಿ ನನ್ನ ಪ್ರೋಗ್ರಾಂ ತದಡಿಯ ಒಬ್ಬ ಮನುಷ್ಯನನ್ನು ಹಿಡಿದಿತ್ತು. ಅವನು ಒಂದು ಪತ್ರದಲ್ಲಿ ಮೀನಿನ ದೋಣಿ ನಡೆಸುವ ತಾಂಡೇಲ, ಇನ್ನೊಂದರಲ್ಲಿ ಬಾಲವಾಡಿ ಟೀಚರು. ಒಂದು ಪತ್ರದಲ್ಲಿ ಅವನಿಗೆ ಮದುವೆ, ಅದರ ಮುಂದಿನದರಲ್ಲೇ ಮೊಮ್ಮಗ.

ಪತ್ರ ಪ್ರಕಟಿಸಲು ಬರೆದವರ ಒಪ್ಪಿಗೆ ಬೇಕಿತ್ತು. ತದಡಿಗೆ ಹೋದೆ. ಬಂದರದ ಹತ್ತಿರ ಟೆಲಿಫೋನ್ ಬೂತಿನಲ್ಲಿ ಒಂದು ಕಂಪ್ಯೂಟರ್, ಅದರಲ್ಲಿ ಒಂದು ಈ-ಮೇಲು. ಬೂತಿನವ ಹೇಳಿದ, "ನಮ್ಮ ಕೇರಿಗೆಲ್ಲ ಒಂದೇ ಸಾಕು ಅಂತ ಮಾಡಿದ್ದು. ಅವರು ಹೇಳ್ತಾರೆ, ನಾ ಒತ್ತುದು. ಬಂದದ್ದನ್ನ ಇಲ್ಲೇ ದೊಡ್ಡಕೆ ಓದುದು."

"ಗುಟ್ಟಿನ ವಿಷಯ ಬಂದ್ರೆ?"

"ಅದನ್ನ ಎರಡು ಸಲ ಓದ್ತೆ. ಒಂದೇ ಸಲಕ್ಕೆ ಎಲ್ಲರಿಗೂ ತಿಳೂದಿಲ್ಲ."

ಒಪ್ಪಿಗೆ ಕಾಗದಕ್ಕೆ ಕೇರಿಯವರೆಲ್ಲ ಸಾಲಾಗಿ ನಿಂತು ಸಹಿ ಹಾಕಿದರು. ಯಾವ ಪತ್ರ ಯಾರದೆಂದು ಅವರಿಗೂ ಜಗಳ ಹತ್ತಿತು. ವಾಪಸ್ ಬಂದು ಕ್ಯಾಟಲಾಗಿನಲ್ಲಿ ಬರೆದವರ ಹೆಸರು ಏನು ಹಾಕಲಿ ಎಂದು ಕೇಳಿದೆ. ಲೈಬ್ರರಿಯನ್ನರು ಸಹಿಯ ಕಾಗದ ತಿರುವಿ ನೋಡಿ, "ತದಡಿ ಅಂತ ಹಾಕು" ಎಂದರು.

೩. ಎಲ್ಲರಿಗಿಂತ ಮುಂದೆ

ಆ ಬೂತಿನ ಕಂಪ್ಯೂಟರಿನ ಒಳಗಿನ ಸೆಲ್ಲು ಸತ್ತು ಗಡಿಯಾರ ನಿಂತಿತ್ತು. ಹಾಗಾಗಿ ತದಡಿಯ ಪತ್ರಗಳಿಗೆಲ್ಲ ೧೯೮೦ರ ಜನವರಿ ಒಂದನೇ ತಾರೀಕು. ತಿದ್ದಬೇಕೆಂದುಕೊಳ್ಳುವಷ್ಟರಲ್ಲಿ ಕಾಲೇಜು ತಪಾಸಣೆಗೆ ಧಾರವಾಡದ ಕಡೆಯಿಂದ ಒಬ್ಬ ಪ್ರೊಫೆಸರರು ಬಂದರು. ತೆರೆಯ ಮೇಲೆ ಬಗ್ಗಿ, "ಎಂಬತ್ತರಾಗ ನಿಮ್ಮ ಕಡೆ ಈ-ಮೇಲ್ ಇತ್ತೇನ್ರಿ?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ನಮ್ಮ ಪ್ರಿನ್ಸಿಪಾಲರು, "ನಮ್ಮ ಕರಾವಳಿ ಯಾವಾಗ್ಲೂ ಮುಂದೆ ಸರ್" ಎಂದುಬಿಟ್ಟರು.

ವರದಿಯಲ್ಲಿ ಅದನ್ನು ಮೆಚ್ಚಿ ಎರಡು ಸಾಲು ಬರೆದಿದ್ದರು. ತಿದ್ದಿಸಲು ಯಾರಿಗೂ ಮನಸ್ಸು ಬರಲಿಲ್ಲ.

೪. ಕಸದಲ್ಲಿದ್ದದ್ದು

ಯಂತ್ರಗಳೇ ಕಳಿಸಿದ ಪತ್ರ ಬಂದರೆ, ಜಾಹೀರಾತಾಗಲಿ ಸೂಚನೆಯಾಗಲಿ, ಓದಬೇಡ, ಕಸಕ್ಕೆ ಹಾಕು ಎಂದು ಪ್ರೋಗ್ರಾಮಿಗೆ ನಾನೇ ಹೇಳಿಕೊಟ್ಟಿದ್ದೆ. ಕಸ ಸುಡುವ ಮೊದಲೂ ಒಮ್ಮೆ ಕೆದಕಿ ನೋಡಬೇಕು ಎಂದು ಲೈಬ್ರರಿಯನ್ನರ ಅಪ್ಪಣೆ. ಗೊಣಗುತ್ತ ಕೆದಕಿದೆ. ಮೂರು ಕಡೆ ಮೇಲೆ ಇಂಗ್ಲಿಷಿನಲ್ಲಿ 'ಪತ್ರ ತಲುಪಲಿಲ್ಲ, ಹಿಂದಿರುಗಿಸಲಾಗಿದೆ' ಎಂಬ ಸೂಚನೆ, ಒಂದಿಷ್ಟು ಅಂಕಿ. ಕೆಳಗೆ ಮಾಸ್ತರರದೇ ಪತ್ರ. ಭಟ್ಕಳಕ್ಕೆ ಬರೆದದ್ದು.

ಮೊದಲನೆಯದು: 'ದಂಡೆ ನೀನು ತೋರಿಸಿದ್ದೇ ಸರಿ. ಅಲ್ಲಿಯ ದೋಣಿಯವನ ಮೊಮ್ಮಗ ಬರೆದು ತಿಳಿಸಿದ್ದಾನೆ. ತಪ್ಪು ನನ್ನದು. ನಕ್ಷೆ ತೆಗೆದುಕೊಂಡು ಬಾ.'

ಎರಡನೆಯದು: 'ನನ್ನ ಪತ್ರ ಒಡೆಯದೆ ತಿರುಗಿ ಕಳಿಸಿದೆ. ಕಳಿಸು. ಕೆಂಪು ಶಾಯಿ ಹಾಕಿದ ಕೈ ನನ್ನದೇ. ಆದರೂ ಬಾ.'

ಮೂರನೆಯದು: 'ಇದನ್ನೂ ತಿರುಗಿಸಿದರೆ ಇನ್ನು ಬರೆಯುವುದಿಲ್ಲ.'

ಮಾಸ್ತರರ ಕಾಲದಲ್ಲಿ ವಿಳಾಸ ಸರಿಯಿದ್ದೂ ಕಾಗದ ತಿರುಗಿ ಬಂತೆಂದರೆ ಅರ್ಥ ಒಂದೇ, ಪಡೆಯುವವನು ಬೇಡ ಎಂದಿದ್ದಾನೆ. ಆ ಅಂಕಿಗಳ ಅರ್ಥ ಬೇರೆ ಇತ್ತು: ಡ್ರಾಯಿಂಗ್ ಮಾಸ್ತರರ ಈ-ಮೇಲಿನ ಅಂಚೆಪೆಟ್ಟಿಗೆ ತುಂಬಿದೆ, ಜಾಗವಿಲ್ಲ. ಅಂಥ ಪತ್ರಗಳನ್ನು ನಾನು ಕಸ ಮಾಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಕ್ಕೋರು ಮೂರನ್ನೂ ಓದಿ, "ಇವರು ಸುಳ್ಳಲ್ಲ" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರಿಗೆ ತೋರ್ಸಿ ಬಾ" ಎಂದರು.

ಭಟ್ಕಳದಲ್ಲಿ ಡ್ರಾಯಿಂಗ್ ಮಾಸ್ತರರು ನಿಂತೇ ಓದಿದರು. ಎರಡನೆಯದಕ್ಕೆ ಬರುವಾಗ ಕುರ್ಚಿ ಹುಡುಕಿದರು. "ನಾ ತಿರುಗಿ ಕಳಿಸ್ಲಿಲ್ಲ ಮಾರಾಯ. ದೇವರಾಣೆ" ಎಂದು ತಮ್ಮ ಕಂಪ್ಯೂಟರ್ ತೆರೆದು ತೋರಿಸಿದರು. ಗಲ್ಫಿನ ಶಿಷ್ಯರು ಕಳಿಸಿದ ಹಬ್ಬದ ಶುಭಾಶಯ, ಹೂವಿನ ಚಿತ್ರ, ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು, ಎಲ್ಲ ಹಾಗೆಯೇ ಕೂತಿದ್ದವು.

"ಒಂದೂ ಅಳಿಸ್ಲಿಲ್ವಾ ಮಾಸ್ತರೇ?"

"ಹ್ಯಾಂಗೆ ಅಳಿಸೂದು? ಕಣ್ಣು ಸಮ ಕಾಣೂದಿಲ್ಲ. ಕಸದ ಸಂಗಡ ಅವನ ಪತ್ರನೂ ಹೋಗ್ಬಿಟ್ರೆ? ಅವ ಬರೀತಾನೆ ಅಂತ ನಂಗೆ ಗೊತ್ತಿತ್ತು."

ಪೆಟ್ಟಿಗೆ ತುಂಬಿದ್ದಕ್ಕೇ ಪತ್ರ ಬರಲಿಲ್ಲ ಎಂದು ವಿವರಿಸಿದೆ. ಅವರು ತೆರೆಯ ಮೇಲಿನ ಕೊನೆಯ ಪತ್ರದ ತಾರೀಕಿಗೆ ಬೆರಳಿಟ್ಟರು. "ಎರಡು ವರ್ಷದಿಂದ ಯಾರದ್ದೂ ಬರ್ಲಿಲ್ಲ. ಜಗತ್ತೆಲ್ಲ ಅವನ ಬದಿಗೆ ಹೋಯ್ತು ಅಂತ ಮಾಡಿದ್ದೆ" ಎಂದರು. ನಗು ಬಂತು. ನಗಲು ಆಗಲಿಲ್ಲ.

ಅವರು ಅಂಗಿ ಹಾಕಿಕೊಂಡು, ನಕ್ಷೆಯ ಸುರುಳಿ ಕಂಕುಳಲ್ಲಿಟ್ಟು ನನ್ನ ಜೊತೆಗೇ ಹೊರಟರು. ಹೊನ್ನಾವರದಲ್ಲಿ ಇಳಿದು ಮನೆ ಮುಟ್ಟಿದಾಗ ಅಕ್ಕೋರು ಬಾಗಿಲಲ್ಲೇ ಇದ್ದರು. ಕಂಪ್ಯೂಟರು, ತುಂಬಿದ ಪೆಟ್ಟಿಗೆ, ತಿರುಗಿ ಬಂದ ಪತ್ರ, ಎಲ್ಲವನ್ನೂ ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವರು ಪೂರ್ತಿ ಕೇಳಿ ಡ್ರಾಯಿಂಗ್ ಮಾಸ್ತರರ ಕಡೆ ತಿರುಗಿದರು.

"ಇಲ್ಲಿಂದ ಭಟ್ಕಳಕ್ಕೆ ಒಂದು ತಾಸಿನ ದಾರಿ. ಬೆಳಗಿಂದ ಸಂಜೆ ತನಕ ಬಸ್ಸು. ಹೊಳೆ ಹ್ಯಾಂಗೆ ದಾಟ್ತಿದ್ರು ಅಂತ ಪುಸ್ತಕ ಬರೀಲಿಕ್ಕೆ ಹೊರಟವ್ರು ನೀವು. ಇಬ್ಬರಲ್ಲಿ ಒಬ್ಬರಿಗೂ ಬಸ್ ಹತ್ತುಕೆ ಬರ್ತಿರ್ಲಿಲ್ವಾ?"

ಡ್ರಾಯಿಂಗ್ ಮಾಸ್ತರರು ಕಂಕುಳಿನ ಸುರುಳಿ ತೆಗೆದು ಜಗಲಿಯ ಮೇಲಿಟ್ಟರು.

"ಬರ್ತಿತ್ತು ಅಕ್ಕೋರೆ. ಅವನಿಗೂ ಬರ್ತಿತ್ತು."