ಅಪ್ಪ ಅನ್ನುವಷ್ಟರಲ್ಲಿ ಕಡಿದ ಲೈನು

೧. ಕ್ಷೇಮ ಸಮಾಚಾರ

ಬಸವನ ಬಾಗೇವಾಡಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಮುಂಜಾನೆ ಒಬ್ಬ ರೈತ ಬಂದು ವಿಜಾಪುರಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದ. ಅವನ ತಂದೆ ನಸುಕಿನಲ್ಲಿ ತೀರಿಕೊಂಡಿದ್ದ. ಅಣ್ಣ ವಿಜಾಪುರದಲ್ಲಿ ಕಾಳಿನ ದಲಾಲಿ ನಡೆಸುವ ಅಡತಿ ಅಂಗಡಿಯಲ್ಲಿ ಗುಮಾಸ್ತ. ಹಿರಿಯ ಮಗ ಬಂದು ಮುಖ ನೋಡಬೇಕು, ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಆಪರೇಟರ್. ವಿಜಾಪುರಕ್ಕೆ ಇದ್ದದ್ದು ಒಂದೇ ಲೈನು.

ಸಿಕ್ಕಿತು.

‘ಆರಾಮ ಏನಣ್ಣಾ?’

‘ಆರಾಮ. ನೀವು?’

‘ಆರಾಮ ಅದೀವಿ. ವೈನಿ ಆರಾಮಾ? ಹುಡುಗರು ಸಾಲಿಗೆ ಹೋಗ್ತಾವೇನು?’

‘ಹೋಗ್ತಾವು. ಎಮ್ಮಿ ಕರಾ ಹಾಕಿತೇನು?’

‘ಹಾಕಿತು. ಹೆಣ್ಗರಾ.’

ನಮ್ಮ ಕಡೆ ಸಾವಿನ ಸುದ್ದಿ ತಂದವನು ಬಾಗಿಲಲ್ಲೇ ಹೇಳುವುದಿಲ್ಲ. ಮೊದಲು ಕ್ಷೇಮ ಕೇಳಬೇಕು. ‘ವಿಷಯಕ್ಕ ಬಾರೋ’ ಎಂದೆ. ಅವನು ಗಂಟಲು ಸರಿಮಾಡಿಕೊಂಡ.

‘ಅಣ್ಣಾ, ಅಪ್ಪ...’

ಲೈನು ಕಡಿಯಿತು. ಎಮ್ಮೆಯ ಸುದ್ದಿ ಮಾತ್ರ ಪೂರ್ತಿ ಮುಟ್ಟಿತ್ತು.

೨. ಬಂಡಿಯವನ ತಕರಾರು

ಲೈನ್‌ಮನ್ ಸೈಕಲ್ ಹತ್ತಿ ಹೋದ. ಮನಗೂಳಿಯ ಆಚೆ ಜೋಳದ ದಂಟಿನ ಕಣಿಕೆ ಹೇರಿದ ಬಂಡಿಯೊಂದು ತಂತಿಗೆ ಸಿಕ್ಕಿ, ತಂತಿ ಹರಿದು, ಕಣಿಕೆ ದಾರಿ ತುಂಬ ಬಿದ್ದಿತ್ತು. ಬಂಡಿಯವನು ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ.

‘ನಿಮ್ಮ ತಂತಿ ನನ್ನ ಕಣಿಕಿ ಕೆಡವೈತಿ. ಮೊದಲ ಅದನ್ನ ಹೇರು. ಆಮ್ಯಾಲ ಕಂಬ ಹತ್ತು.’

ಸರಕಾರದ ಲೈನ್‌ಮನ್ ಮಧ್ಯಾಹ್ನದ ತನಕ ಕಣಿಕೆ ಹೇರಿದ.

೩. ಮುಂದಿನ ಬಸ್ಸು

ಆ ರೈತನ ಮನೆ ಎಕ್ಸ್‌ಚೇಂಜಿನ ಎದುರಿಗೇ. ಅವರ ಪದ್ಧತಿಯಂತೆ ಸತ್ತವನನ್ನು ಕಟ್ಟೆಯ ಮೇಲೆ ಕೂಡಿಸಿದ್ದರು. ಭಜನೆ ನಡೆದಿತ್ತು. ಸತ್ತವನ ತಮ್ಮ, ರೈತನ ಕಾಕಾ, ಅವನನ್ನು ಕೇಳಿದ.

‘ನಿಮ್ಮಣ್ಣ ಏನಂದ?’

‘ಏನೂ ಅನ್ನಲಿಲ್ಲರಿ ಕಾಕಾ.’

‘ನೀ ಏನಂದಿ?’

‘ಅಪ್ಪ ಅಂದೆ.’

‘ಅಷ್ಟ?’

‘ಅಷ್ಟರಿ. ಅಣ್ಣ ಶಾಣ್ಯಾ ಅದಾನ, ತಿಳಕೊಂಡಿರ್ತಾನ.’

ಯಾರನ್ನಾದರೂ ವಿಜಾಪುರಕ್ಕೆ ಕಳಿಸೋಣ ಎಂದು ಕಾಕಾ ಅಂದರೆ, ರೈತ ‘ಅಂವ ಈಗ ಬಸ್ಸಿನ್ಯಾಗ ಇರ್ತಾನ, ಸುಮ್ನ ಯಾಕ’ ಎಂದ. ಆ ಕಡೆಯಿಂದ ಬಸ್ಸು ಬಂದಾಗಲೆಲ್ಲ ಭಜನೆ ನಿಲ್ಲುತ್ತಿತ್ತು. ಅಣ್ಣ ಇಳಿಯಲಿಲ್ಲ. ಮತ್ತೆ ಭಜನೆ. ಹೊತ್ತು ಇಳಿದಾಗ ಕಾಕಾ ಎದ್ದ.

‘ಇನ್ನ ಎಬ್ಬಸ್ರಿ. ಭಜನಿಯವರ ದನಿ ಹೋಗೈತಿ. ಸತ್ತಂವ ಒಬ್ಬನ ಗಟ್ಟಿ ಕುಂತಾನ.’

೪. ಫೋನಿನ ಮುಂದೆ

ಮಣ್ಣಿಗೆ ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ, ಲೈನು ಬಂತು. ಅರ್ಧಕ್ಕೆ ನಿಂತ ಕಾಲ್ ಮತ್ತೆ ಹಚ್ಚಿಕೊಡುವುದು ನನ್ನ ಕೆಲಸ. ಅಡತಿ ಅಂಗಡಿಗೆ ಹಚ್ಚಿದೆ. ಗಂಟೆ ಬಾರಿಸುವುದೇ ತಡ, ಅಣ್ಣ ಎತ್ತಿದ.

‘ಬಸ್ಸಿಗೆ ಯಾಕ ಬರಲಿಲ್ಲರಿ?’ ಎಂದೆ.

‘ಬಸ್ಸಿಗೆ? ನಾ ಮುಂಜಾನಿಂದ ಫೋನ್ ಬಿಟ್ಟು ಎದ್ದಿಲ್ಲರಿ, ಊಟಕ್ಕೂ ಎದ್ದಿಲ್ಲ. ಅಪ್ಪ ಮಾತಾಡ್ತಾನ ಅಂತ ತಮ್ಮ ಹೇಳಾಕ ಹತ್ತಿದ್ದ, ಲೈನ್ ಹೋತು. ಅಪ್ಪ ಇಷ್ಟು ವರ್ಷದಾಗ ಫೋನ್ ಮುಟ್ಟಿದಂವ ಅಲ್ಲ. ಅಂವ ಬಂದಾಗ ನಾ ಇರ್ಲಿಲ್ಲಂದ್ರ ಬೈತಾನ. ಕೊಡ್ರಿ ಅಪ್ಪಗ.’

‘ಮಣ್ಣಾತು’ ಎಂದೆ.

‘ಯಾರದ್ರಿ?’

ಹೇಳಿದೆ.

ಕೊನೆಯ ಬಸ್ಸಿಗೆ ಬಂದ.